ನಾಯಿ ಸಾಕಿದವರ ಹೊಣೆ



ನಾಯಿ ಕಚ್ಚಿಸಿಕೊಂಡು ಚುಚ್ಚುಮದ್ದಿಗೆ ಬಂದವರನ್ನು ನಾವು ಮೊದಲು ಕೇಳುವುದು, ‘ಯಾವ ನಾಯಿ?’ ಎಂದು. ‘ಪಕ್ಕದ ಮನೆಯದೇ ಸಿಸ್ಟರ್, ದಿನಾ ನೋಡೋ ನಾಯಿ’ ಎನ್ನುವವರು ಕಡಿಮೆಯಿಲ್ಲ. ಅದಕ್ಕೆ ಲಸಿಕೆ ಹಾಕಿಸಿದ್ದಾರೆಯೇ ಎಂದರೆ ಮಾತ್ರ ಸುಮ್ಮನಾಗುತ್ತಾರೆ.

ನಮ್ಮ ಪಾಳ್ಯ, ಆಲೂರು, ಸಕಲೇಶಪುರದ ಕಡೆ ತೋಟದ ಮನೆಗೂ ಲೈನ್ ಮನೆಗೂ ನಾಯಿ ಬೇಕೇ ಬೇಕು. ಬೇಡ ಎಂದು ನಾನು ಹೇಳುವುದಿಲ್ಲ. ಆದರೆ ಸಾಕಿದ ಮೇಲೆ ಅದರ ಹೊಣೆ ನಿಮ್ಮದು. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಸಾಕುನಾಯಿಗೆ ಲಸಿಕೆ, ಜಂತುಹುಳದ ಔಷಧಿ, ಸಂತಾನಹರಣ ಮಾಡಿಸಬೇಕಾದವರು ಮಾಲೀಕರೇ. ಬೀದಿ ನಾಯಿಗಳ ಕೆಲಸ ಸ್ಥಳೀಯ ಸಂಸ್ಥೆಯದು. ಸಾಕುಪ್ರಾಣಿಯಿಂದ ಜನರ ಜೀವಕ್ಕೆ ಅಪಾಯವಾಗಬಹುದು ಎಂದಿದ್ದರೂ ಎಚ್ಚರ ವಹಿಸದೆ ಬಿಟ್ಟರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ 6 ತಿಂಗಳವರೆಗೆ ಸೆರೆವಾಸ, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಹಗಲೆಲ್ಲ ಕಟ್ಟಿ, ರಾತ್ರಿ ರಸ್ತೆಗೆ ಬಿಡುವವರು ಇದನ್ನು ಯೋಚಿಸಬೇಕು. ಪರವಾನಗಿ, ನೋಂದಣಿ ಬೇಕೇ ಎಂಬುದನ್ನು ಹಳ್ಳಿಯವರು ಗ್ರಾಮ ಪಂಚಾಯಿತಿಯಲ್ಲಿ, ಆಲೂರಿನವರು ಪಟ್ಟಣ ಪಂಚಾಯಿತಿಯಲ್ಲಿ, ಸಕಲೇಶಪುರದವರು ಪುರಸಭೆಯಲ್ಲಿ ಕೇಳಿ ತಿಳಿದುಕೊಳ್ಳಿ. ಮರಿಗೆ ಮೂರು ತಿಂಗಳಾದಾಗ ಪಶು ಆಸ್ಪತ್ರೆಯಲ್ಲಿ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ. ಆಮೇಲೆ ಪಶುವೈದ್ಯರು ಹೇಳಿದಂತೆ ಪ್ರತಿ ವರ್ಷ ಹಾಕಿಸಿ, ಚೀಟಿಯನ್ನು ರೇಷನ್ ಕಾರ್ಡಿನ ಜೊತೆ ಇಟ್ಟುಕೊಳ್ಳಿ.

ಆಸ್ಪತ್ರೆಯ ಅಂಗಳದ ವಿಚಾರವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಉಳಿದ ಅನ್ನವನ್ನು ಚೆಲ್ಲಬಾರದೆಂದು ಕೆಲವರು ವಾರ್ಡಿನ ಹಿಂದೆ ನಾಯಿಗಳಿಗೆ ಹಾಕುತ್ತಾರೆ. ಅದು ದಯೆಯಿಂದ ಮಾಡುವುದೇ, ತಿಳಿದಿದೆ. ಆದರೆ ಅಲ್ಲೇ ಬಾಣಂತಿಯರು, ನಡೆಯಲಾರದ ಅಜ್ಜಂದಿರು ಓಡಾಡುತ್ತಾರೆ. ಸಾರ್ವಜನಿಕ ರಸ್ತೆಯಲ್ಲಿ ಎಲ್ಲೆಂದರಲ್ಲಿ ಊಟ ಹಾಕಬಾರದು, ಗೊತ್ತುಮಾಡಿದ ಜಾಗದಲ್ಲೇ ಹಾಕಬೇಕು ಎಂದು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ಹೇಳಿತು. ಅದೇ ವರ್ಷ ನವೆಂಬರ್ 7ರಂದು ಆಸ್ಪತ್ರೆ, ಶಾಲೆ, ಬಸ್ ನಿಲ್ದಾಣಗಳ ಆವರಣದಿಂದ ಬೀದಿ ನಾಯಿಗಳನ್ನು ಸಾಗಿಸಬೇಕೆಂದು ಆದೇಶಿಸಿತು. ಉಳಿದ ಅನ್ನವನ್ನು ಅಡಿಗೆ ಮನೆಯ ಬಕೆಟ್ಟಿಗೆ ಹಾಕಿ.

ಕಚ್ಚಿದರೆ, ಪರಚಿದರೆ, ಗಾಯದ ಮೇಲೆ ನೆಕ್ಕಿದರೂ ಕೂಡಲೇ ನಲ್ಲಿಯ ಕೆಳಗೆ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡೇ ತೊಳೆಯಿರಿ, 15 ನಿಮಿಷ ನಾವು ಅಂದುಕೊಂಡಷ್ಟು ಚಿಕ್ಕದಲ್ಲ. ಸುಣ್ಣ, ಕಾಫಿಪುಡಿ, ಖಾರದ ಪುಡಿ ಹಚ್ಚಬೇಡಿ. ಗಾಯ ಆಳವಾಗಿದ್ದರೆ ಲಸಿಕೆಯ ಜೊತೆಗೆ ಗಾಯದೊಳಗೇ ಇನ್ನೊಂದು ಔಷಧಿ ಕೊಡಬೇಕಾಗುತ್ತದೆ. ಕಚ್ಚಿದ ನಾಯಿಯನ್ನು ಹೊಡೆದು ಕೊಲ್ಲಬೇಡಿ. ಸಾಕುನಾಯಿಯಾದರೆ ಕಟ್ಟಿಹಾಕಿ 10 ದಿನ ಗಮನಿಸಲು ಹೇಳಿ. ಆದರೆ ಅದಕ್ಕಾಗಿ ಕಾಯುತ್ತ ಲಸಿಕೆಯನ್ನು ತಡಮಾಡಬೇಡಿ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿಸುವ ಔಷಧಿ ಇಲ್ಲ.

‘ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಚುಚ್ಚುತ್ತಾರೆ’ ಎಂದು ಹೆದರಿ ಬಾರದವರು ಈಗಲೂ ಇದ್ದಾರೆ. ಅದು ಅಜ್ಜ ಅಜ್ಜಿಯರ ಕಾಲದ, ಕುರಿಯ ಮೆದುಳಿನಿಂದ ಮಾಡುತ್ತಿದ್ದ ಲಸಿಕೆಯ ಮಾತು. ಭಾರತದಲ್ಲಿ ಅದನ್ನು ನಿಲ್ಲಿಸಿ 20 ವರ್ಷ ದಾಟಿತು. ಈಗ ಕೊಡುವುದು ತೋಳಿಗೆ.

ದನಕರುಗಳಿಗೂ ಈ ರೋಗ ಬರುತ್ತದೆ. ಹಸು ಜೊಲ್ಲು ಸುರಿಸುತ್ತ ಮೇವು ಬಿಟ್ಟರೆ, ಗಂಟಲಲ್ಲಿ ಏನೋ ಸಿಕ್ಕಿದೆ ಎಂದು ಬಾಯಿಗೆ ಕೈ ಹಾಕುವವರೇ ಹೆಚ್ಚು. ಹಾಕಬೇಡಿ, ಪಶುವೈದ್ಯರನ್ನು ಕರೆಸಿ. ಈಗಾಗಲೇ ಕೈ ಹಾಕಿದ್ದರೆ ಮುಚ್ಚಿಡದೆ ನಮಗೆ ಹೇಳಿ.

ಚರ್ಮದೊಳಗೆ ಕೊಡುವ ಲಸಿಕೆಯಾದರೆ ಮೊದಲ ದಿನವನ್ನು ಸೊನ್ನೆ ಎಂದು ಎಣಿಸಿ 3, 7, 28ನೇ ದಿನ ಬರಬೇಕು. ಸ್ನಾಯುವಿಗೆ ಕೊಡುವುದಾದರೆ 14ನೇ ದಿನವೂ ಉಂಟು. ಗಾಯ ಮಾಯಿತು, ಕಾಫಿ ಕೊಯ್ಲು ಬಂತು ಎಂದು ಕೊನೆಯ ಸೂಜಿಯನ್ನು ಬಿಟ್ಟುಬಿಡುತ್ತಾರೆ. ನಿಮ್ಮ ಚೀಟಿಯ ಹಿಂದೆ ತಾರೀಕು ಬರೆದುಕೊಟ್ಟಿರುತ್ತೇವೆ. ಓದಲು ಬಾರದಿದ್ದರೆ ಮನೆಯ ಮಕ್ಕಳಿಗೆ ಹೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿ.