ಮುಯ್ಯಿ ಮತ್ತು ನ್ಯಾಯ: ಗದಾಯುದ್ಧದಿಂದ ಕಲ್ಯಾಣದವರೆಗೆ

ಕನ್ನಡದಲ್ಲಿ ‘ಮುಯ್ಯಿ’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಮದುವೆಯ ಮನೆಯಲ್ಲಿ ಕೊಡುವ ಉಡುಗೊರೆಯೂ ಮುಯ್ಯಿ. ಕೇಡಿಗೆ ಪ್ರತಿಯಾಗಿ ಎಸಗುವ ಕೇಡೂ ಮುಯ್ಯಿ. ಪಡೆದುದನ್ನು ಹಿಂದಿರುಗಿಸಬೇಕೆಂಬ ಭಾವವೇ ಎರಡಕ್ಕೂ ಮೂಲ. ಆದುದರಿಂದಲೇ ಸೇಡು ತೀರಿಸಿಕೊಳ್ಳುವವನು ತಾನು ನ್ಯಾಯವನ್ನೇ ನಡೆಸುತ್ತಿರುವೆನೆಂದು ನಂಬುತ್ತಾನೆ. ಈ ನಂಬಿಕೆ ಎಷ್ಟರಮಟ್ಟಿಗೆ ನಿಲ್ಲುವುದೆಂಬುದನ್ನು ನಮ್ಮ ಸಾಹಿತ್ಯದ ಬೆಳಕಿನಲ್ಲಿ ವಿಚಾರಿಸುವುದು ಉಚಿತವಾಗಿದೆ.

ಹತ್ತನೆಯ ಶತಮಾನದ ಕವಿಚಕ್ರವರ್ತಿ ರನ್ನನು ಮುಧೋಳದವನು. ಆ ಊರು 1997ರವರೆಗೆ ನಮ್ಮ ಅವಿಭಜಿತ ಜಿಲ್ಲೆಗೇ ಸೇರಿದ್ದಿತು. ತನ್ನ ‘ಗದಾಯುದ್ಧ’ದಲ್ಲಿ ಅವನು ಭೀಮನನ್ನು ನಾಯಕನನ್ನಾಗಿಸಿ, ಆಶ್ರಯದಾತನಾದ ಚಾಲುಕ್ಯ ಸತ್ಯಾಶ್ರಯನನ್ನು ಅವನೊಡನೆ ಸಮೀಕರಿಸಿದನು. ದ್ರೌಪದಿಯ ದೂರು ನ್ಯಾಯವಾದುದೇ. ಧರ್ಮವನ್ನು ನುಡಿಯಬೇಕಾದ ಹಿರಿಯರೇ ಸಭೆಯಲ್ಲಿ ಮೂಕರಾದಾಗ ಆಕೆಗೆ ಉಳಿದುದು ಭೀಮನ ಪ್ರತಿಜ್ಞೆಯೊಂದೇ. ಆದರೂ ಕವಿ ದುರ್ಯೋಧನನನ್ನು ರಣಭೂಮಿಯಲ್ಲಿ ನಡೆಸುವ ಬಗೆಯನ್ನು ನೋಡಬೇಕು. ಅವನು ಕರ್ಣನ ಶವದ ಮುಂದೆ ಗೋಳಿಡುತ್ತಾನೆ. ಶತ್ರುವಿನ ಮಗನಾದ ಅಭಿಮನ್ಯುವಿನ ಪರಾಕ್ರಮವನ್ನು ಮನಸಾರೆ ಹೊಗಳುತ್ತಾನೆ. ದಂಡನೆಯನ್ನು ಬಯಸಿದ ಓದುಗನ ಕಣ್ಣೇ ಇಲ್ಲಿ ತೇವಗೊಳ್ಳುವುದು. ಅಪರಾಧಕ್ಕೆ ಇದು ಕ್ಷಮೆಯಲ್ಲ. ಅಪರಾಧಿಯೂ ಮನುಷ್ಯನೆಂಬ ಅರಿವು.

ಪ್ರತಿಜ್ಞೆ ಈಡೇರಿತು, ಆದರೆ ಹಗೆ ತೀರಲಿಲ್ಲ. ವ್ಯಾಸಭಾರತದ ಸೌಪ್ತಿಕಪರ್ವದಲ್ಲಿ ಅಶ್ವತ್ಥಾಮನು ದ್ರೌಪದಿಯ ಐವರು ಮಕ್ಕಳನ್ನು ಇರುಳಲ್ಲಿ ಕೊಂದನು. ಅವನದೂ ತಂದೆಯ ಸಾವಿನ ಸೇಡೇ. ಭಾಗವತದ ಪ್ರಥಮಸ್ಕಂಧದಲ್ಲಿ, ಸೆರೆಸಿಕ್ಕ ಅವನನ್ನು ಬಿಟ್ಟುಬಿಡಬೇಕೆಂದು ಕೇಳಿಕೊಳ್ಳುವವಳು ಅದೇ ದ್ರೌಪದಿ; ತನ್ನಂತೆ ಅವನ ತಾಯಿಯೂ ಅಳಬಾರದೆಂಬುದು ಆಕೆಯ ಮಾತಿನ ತಾತ್ಪರ್ಯ.

ಇನ್ನು ಶರಣರ ಚರಿತ್ರೆಗೆ ಬರೋಣ. ಹರಳಯ್ಯ ಮಧುವರಸರ ಮಕ್ಕಳ ವಿವಾಹದ ನಿಮಿತ್ತ ಬಿಜ್ಜಳನು ಆ ಇಬ್ಬರು ಶರಣರಿಗೆ ಎಳೆಹೂಟೆಯ ಶಿಕ್ಷೆ ವಿಧಿಸಿದನೆಂದೂ, ಜಗದೇವ ಮಲ್ಲಿಬೊಮ್ಮರು ಅರಸನನ್ನು ಕೊಂದು ಸೇಡು ತೀರಿಸಿದರೆಂದೂ ಪುರಾಣಗಳ ಹೇಳಿಕೆ. ಬಸವಣ್ಣನವರಾದರೋ ಅದಕ್ಕೆ ಮುನ್ನವೇ ಕೂಡಲಸಂಗಮದ ಹಾದಿ ಹಿಡಿದಿದ್ದರು. ಮುನಿದವರ ಮೇಲೆ ತಿರುಗಿ ಮುನಿಯುವುದನ್ನು ಒಪ್ಪದ ವಚನಕಾರರು ಅವರು. ಬಿಜ್ಜಳನ ವಧೆಯಿಂದ ಹರಳಯ್ಯನಿಗೆ ನ್ಯಾಯ ದೊರೆಯಿತೇ? ಶರಣರು ಚದುರಿದರು; ಚನ್ನಬಸವಣ್ಣನವರೊಡನೆ ಹಲವರು ಉಳವಿಯತ್ತ ನಡೆದರು. ಯಾವ ಸಮಾನತೆಗಾಗಿ ಆ ಮದುವೆ ನಡೆದಿತ್ತೋ ಅದು ಕಲ್ಯಾಣದಲ್ಲಿ ನೆಲೆಗೊಳ್ಳಲಿಲ್ಲ.

ಆ ನ್ಯಾಯದ ಒಂದಂಶವಾದರೂ ಸಂದದ್ದು ಎಂಟು ಶತಮಾನಗಳ ಬಳಿಕ, ನಮ್ಮ ವಿಜಯಪುರದಲ್ಲಿ. ಇಲ್ಲಿ ವಕೀಲಿ ಮಾಡುತ್ತಿದ್ದ ಫ. ಗು. ಹಳಕಟ್ಟಿಯವರು (1880–1964) ಮನೆಮನೆಯ ತಾಳೆಗರಿಗಳನ್ನು ಅರಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನಾರಂಭಿಸಿದರು. ಚದುರಿದವರ ನುಡಿಯನ್ನು ಮರಳಿ ಕೂಡಿಸಿದ ಈ ಕಾರ್ಯ ಶರಣರಿಗೆ ಸಂದ ನಿಜವಾದ ಮುಯ್ಯಿ.

ತಿಕೋಟಾ, ಬಬಲೇಶ್ವರಗಳ ಕಡೆಯಿಂದ ಬರುವ ಒಕ್ಕಲುಮಕ್ಕಳಿಗೆ ಬದುವಿನ ವ್ಯಾಜ್ಯವೂ ದಾಯಾದಿ ಹಗೆಯೂ ಪುಸ್ತಕದ ಮಾತುಗಳಲ್ಲ. ಅವರಿಗೆ ಗದಾಯುದ್ಧವನ್ನು ಬೋಧಿಸುವಾಗ ಭೀಮನ ಗದೆಯ ಏಟಿಗೆ ಪಾಠವನ್ನು ಮುಗಿಸಬಾರದು. ಹಿರಿಯರು ಸಭೆಯಲ್ಲಿ ಬಾಯಿ ತೆರೆದಿದ್ದರೆ ಆ ಗದೆ ಏಳಬೇಕಾಗಿತ್ತೇ ಎಂದು ಕೇಳಬೇಕು. ಊರಿನ ಪಂಚರು, ನ್ಯಾಯಾಲಯ, ಗುರುಪೀಠ, ಇವು ಸಕಾಲದಲ್ಲಿ ನುಡಿದೆಡೆ ಸೇಡಿಗೆ ಎಡೆಯಿರದು. ಮೂಕವಾದ ಸಭೆಯ ಹೊಣೆಯನ್ನು ಮಕ್ಕಳು ಮನಗಾಣುವಂತೆ ಮಾಡುವುದೇ ಅಧ್ಯಾಪಕರ ಕರ್ತವ್ಯವೆಂದು ನಮ್ಮ ಭಾವನೆ.