ಮನೆಯ ಕಸದಿಂದ ಎರೆಗೊಬ್ಬರ

ಅಡುಗೆಮನೆಯಿಂದ ದಿನವೂ ಹೊರಬೀಳುವ ತರಕಾರಿಯ ಸಿಪ್ಪೆ, ಸೊಪ್ಪಿನ ದಂಟು, ಹಣ್ಣಿನ ತೊಗಟೆ ಮೊದಲಾದುವು ದನಕರುಗಳಿರುವ ಮನೆಯಲ್ಲಿ ಕಲಗಚ್ಚಿನ ಪಾಲಾಗುತ್ತವೆ. ಅಂತಹ ಮನೆಯವರಿಗೆ ಇಲ್ಲಿ ಹೇಳುವ ಕ್ರಮದಿಂದ ಹೆಚ್ಚಿನ ಪ್ರಯೋಜನವಿಲ್ಲ. ಆದರೆ ಹಸುವಿಲ್ಲದ, ಹಿತ್ತಿಲೂ ಇಲ್ಲದ ಸಣ್ಣ ಮನೆಗಳು ಹಳ್ಳಿಗಳಲ್ಲಿ ಈಗ ವಿರಳವಲ್ಲ. ಅಲ್ಲಿ ಈ ಪದಾರ್ಥಗಳು ಚರಂಡಿಗೆ ಬಿದ್ದು ಕೊಳೆತು, ನೊಣಗಳನ್ನೂ ಇಲಿಗಳನ್ನೂ ಬೆಳೆಸುತ್ತವೆ. ಒಂದು ತೊಟ್ಟಿಯಲ್ಲಿ ಎರೆಹುಳುಗಳನ್ನು ಸಾಕಿದಲ್ಲಿ ಅದೇ ಕಸವು ದುರ್ವಾಸನೆಯಿಲ್ಲದ ಗೊಬ್ಬರವಾಗುವುದು.

ಎರೆಹುಳುವು ಒಕ್ಕಲಿಗನ ಮಿತ್ರನೆಂಬುದು ಹೊಸ ಮಾತಲ್ಲ. ಇಂಗ್ಲೆಂಡಿನ ಅನೇಕ ಕಡೆ ಈ ಹುಳುಗಳು ವರ್ಷಕ್ಕೆ ಎಕರೆಯೊಂದರಲ್ಲಿ 10 ಟನ್ನಿಗೂ ಮೀರಿದ ಒಣಮಣ್ಣನ್ನು ತಮ್ಮ ದೇಹದ ಮೂಲಕ ಹಾಯಿಸಿ ನೆಲದ ಮೇಲಕ್ಕೆ ತರುತ್ತವೆಂದು ಚಾರ್ಲ್ಸ್ ಡಾರ್ವಿನ್ನರು 1881ರಲ್ಲಿ ಬರೆದರು. ಇದನ್ನು ಕೇಳಿದ ರೈತನು ಬದುವನ್ನು ಅಗೆದು, ಸಿಕ್ಕಿದ ಹುಳುಗಳನ್ನೆಲ್ಲ ತೊಟ್ಟಿಗೆ ಸುರಿಯುವುದುಂಟು. ಕೆಲವೇ ದಿನಗಳಲ್ಲಿ ಅವು ಸಾಯುವುವು, ಇಲ್ಲವೆ ಹೊರಟುಹೋಗುವುವು. ಹುಳು ಸಾಕುವ ಮಾತೇ ಸುಳ್ಳೆಂದು ಆತನು ಬಗೆಯುವನು. ದೋಷವಿರುವುದು ಹುಳುವನ್ನು ಆರಿಸಿದುದರಲ್ಲಿ. ಹೊಲದ ಹುಳುವು ಮಣ್ಣನ್ನು ತಿಂದು ಆಳದಲ್ಲಿ ಬಿಲಮಾಡಿ ಬಾಳತಕ್ಕದ್ದು. ತೊಟ್ಟಿಗೆ ಬೇಕಾದುದು ಕೊಳೆಯುವ ಎಲೆ, ಸಗಣಿಗಳ ನಡುವೆ ನೆಲದ ಮೇಲ್ಪದರದಲ್ಲಿಯೇ ವಾಸಿಸುವ ಜಾತಿ. ಪೆರಿಯಾನಿಕ್ಸ್ ಎಕ್ಸ್‌ಕವೇಟಸ್ ಎಂಬ ಕೆನ್ನೀಲಿ ಛಾಯೆಯ ತೆಳು ಹುಳುವು ನಮ್ಮ ಸೀಮೆಯದೇ. ಹಳೆಯ ತಿಪ್ಪೆಯ ತಂಪಾದ ಅಂಚನ್ನು ಕೆದಕಿದರೆ ದೊರೆಯುವುದು. ಆಫ್ರಿಕದಿಂದ ಬಂದ ಯೂಡ್ರಿಲಸ್, ಕೆಂಪು ಪಟ್ಟೆಗಳ ಐಸೀನಿಯ ಇವುಗಳನ್ನೂ ಸಾಕುವರು. ಹೊಲದ ಹುಳುಗಳನ್ನು ಹೊಲದಲ್ಲಿಯೇ ಬಿಡತಕ್ಕದ್ದು. ಅವುಗಳ ಕೆಲಸ ಅಲ್ಲಿದೆ.

ತೊಟ್ಟಿಯು ಒಂದೂವರೆ ಅಡಿ ಅಗಲ, ಒಂದಡಿ ಆಳವಿದ್ದರೆ ಸಣ್ಣ ಸಂಸಾರಕ್ಕೆ ಸಾಕು. ಮಣ್ಣಿನ ಬಾನಿಯೂ ಆದೀತು, ಹಳೆಯ ಮರದ ಪೆಟ್ಟಿಗೆಯೂ ಆದೀತು, ತಳದಲ್ಲಿ ರಂಧ್ರಗಳಿರಲೇಬೇಕು. ಅಡಿಯಲ್ಲಿ ಎರಡು ಅಂಗುಲ ಹೆಂಚಿನ ಚೂರು, ಅದರ ಮೇಲೆ ನೆನೆಸಿದ ತೆಂಗಿನ ನಾರು ಅಥವಾ ತರಗೆಲೆ, ಅದರ ಮೇಲೆ ಮೂರು ಅಂಗುಲ ಹಳೆಯ ಸಗಣಿಯನ್ನು ಹರಡಿ, ಇನ್ನೂರು ಮುನ್ನೂರು ಹುಳುಗಳನ್ನು ಬಿಟ್ಟು, ಒದ್ದೆ ಗೋಣಿಯನ್ನು ಮುಚ್ಚತಕ್ಕದ್ದು. ಹಸಿ ಸಗಣಿಯು ಕಾವೇರಿ ಹುಳುಗಳನ್ನು ಕೊಲ್ಲುವುದರಿಂದ ಎರಡು ವಾರವಾದರೂ ಆರಿದ ಸಗಣಿಯೇ ಆಗಬೇಕು. ಇರುವೆ ಬಾರದಂತೆ ತೊಟ್ಟಿಯ ಕಾಲುಗಳ ಕೆಳಗೆ ನೀರಿನ ಬಟ್ಟಲುಗಳನ್ನಿಡಬೇಕು.

ಒಂದು ವಾರ ಕಳೆದ ಮೇಲೆ ಕಸವನ್ನು ಸಣ್ಣದಾಗಿ ಹೆಚ್ಚಿ, ಒಂದು ಮೂಲೆಯಲ್ಲಿ ತೆಳ್ಳಗೆ ಹಾಕಿ, ತರಗೆಲೆಯಿಂದ ಮುಚ್ಚಬೇಕು. ಅದು ಬಹುಪಾಲು ಕರಗುವವರೆಗೂ ಮತ್ತೊಂದು ಮೂಲೆಗೆ ಕೈಹಾಕಲಾಗದು. ಹುಳು ಹಸಿದು ಸತ್ತ ತೊಟ್ಟಿಗಳು ಅಪರೂಪ. ಉತ್ಸಾಹದಿಂದ ಮೊದಲ ವಾರವೇ ಕುಕ್ಕೆಗಟ್ಟಲೆ ಸುರಿದು ಹುಳಿಹಿಡಿಸಿದ ತೊಟ್ಟಿಗಳೇ ಹೆಚ್ಚು. ಉಪ್ಪಿನಕಾಯಿ, ಎಣ್ಣೆಯ ಪದಾರ್ಥ, ಮಾಂಸ, ಹೆಚ್ಚು ನಿಂಬೆಸಿಪ್ಪೆ ಇವು ಕೂಡವು. ಮಿಕ್ಕ ಅನ್ನವನ್ನು ಹಾಕದಿರುವುದೇ ಲೇಸು. ಒಂದು ಹಿಡಿ ತೆಗೆದು ಹಿಂಡಿದರೆ ಒಂದೆರಡು ಹನಿ ನೀರು ಬರುವಷ್ಟು ತೇವವಿರಬೇಕು. ಧಾರೆಯಾಗಿ ಇಳಿದರೆ ಒಣ ಎಲೆ ಸೇರಿಸಬೇಕು. ಮಲೆನಾಡಿನಲ್ಲಿ ಮಳೆನೀರಿನಿಂದಲೂ ಬಯಲುಸೀಮೆಯಲ್ಲಿ ಚೈತ್ರ ವೈಶಾಖಗಳ ಬಿಸಿಲಿನಿಂದಲೂ ಅಪಾಯ. 35 ಡಿಗ್ರಿ ಸೆಂಟಿಗ್ರೇಡಿನ ಮೇಲೆ ಹುಳುಗಳು ಬಳಲುವುದರಿಂದ ತೊಟ್ಟಿಯನ್ನು ಸೂರಿನ ನೆರಳಿನಲ್ಲಿಯೇ ಇಡತಕ್ಕದ್ದು.

ಹೋವರ್ಡರು ಇಂದೂರಿನಲ್ಲಿ ರೂಪಿಸಿ 1931ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ರಾಶಿಯು ಕಾದು ಕಳೆಬೀಜಗಳು ಬಹುಮಟ್ಟಿಗೆ ಸಾಯುವುವು. ಹುಳುವಿನ ತೊಟ್ಟಿಯು ಕಾಯುವುದಿಲ್ಲವಾದುದರಿಂದ ಕುಂಬಳ, ಟೊಮೇಟೊ ಬೀಜಗಳು ಗೊಬ್ಬರದೊಡನೆ ಪಾತಿಗೆ ಬಂದು ಮೊಳೆಯುವುವು. ಅದೇ ಕಾರಣದಿಂದ ರೋಗದ ಗಿಡಗಳನ್ನೂ ಮಲವನ್ನೂ ಇದಕ್ಕೆ ಹಾಕಲೇಬಾರದು.

ಒಂದು ತೊಟ್ಟಿಯಿಂದ ಎಕರೆ ಹೊಲಕ್ಕೆ ಗೊಬ್ಬರವಾಗುವುದೆಂದು ಹೇಳುವವರನ್ನು ನಂಬಲಾಗದು. ಹೊಲಕ್ಕೆ ತಿಪ್ಪೆಯೇ ಆಧಾರ. ಎರೆಗೊಬ್ಬರವು ಸಸಿಮಡಿಗೆ, ಮಲ್ಲಿಗೆಯ ಬಳ್ಳಿಗೆ, ನಾಲ್ಕಾರು ಬದನೆ ಮೆಣಸಿನ ಗಿಡಗಳಿಗೆ ಸಲ್ಲುವಂತಹುದು. ಎರಡು ಮೂರು ತಿಂಗಳಲ್ಲಿ ಅದು ಕಪ್ಪಾಗಿ, ಚಹದ ಪುಡಿಯಂತೆ ಹುಡಿಯಾಗುವುದು. ಆಗ ನೀರು ನಿಲ್ಲಿಸಿ, ಬೆಳಕಿನಲ್ಲಿ ಸಣ್ಣ ಗುಡ್ಡೆಯಾಗಿ ಸುರಿದರೆ ಹುಳುಗಳು ಬೆಳಕಿಗೆ ಅಂಜಿ ಅಡಿಗಿಳಿಯುವುವು. ಮೇಲಿನ ಗೊಬ್ಬರವನ್ನು ಸವರಿ ತೆಗೆದುಕೊಂಡು, ತಳದ ಹುಳುಗಳನ್ನು ಹೊಸ ಹಾಸಿಗೆಗೆ ಬಿಡತಕ್ಕದ್ದು. ಮಿಕ್ಕವನ್ನು ನೆರೆಮನೆಯ ತೊಟ್ಟಿಗೆ ಕೊಡಬಹುದು.