ಹಿರಿಯ ಆಟಗಾರರಿಗೆ ಜಾಸ್ತಿ ದುಡ್ಡು ಕೊಡಬೇಕಾ?

ಇದು ಐಸ್ ಹಾಕಿ ವಿಷಯ, ನಮ್ಮ ಟರ್ಫ್ ಹಾಕಿ ಅಲ್ಲ. ಅಮೆರಿಕ-ಕೆನಡಾದ ಎನ್‌ಎಚ್‌ಎಲ್‌ನಲ್ಲಿ ತಂಡದ ಒಟ್ಟು ಸಂಬಳಕ್ಕೆ ಗರಿಷ್ಠ ಮಿತಿ ಇರುವ ಹಾಗೆ ಕನಿಷ್ಠ ಮಿತಿಯೂ ಇದೆ. 2023-24ರಲ್ಲಿ ಅವು 83.5 ಮತ್ತು 61.7 ಮಿಲಿಯನ್ ಡಾಲರ್. ಹೊಸದಾಗಿ ತಂಡ ಕಟ್ಟೋರು ಬರೀ ಕಡಿಮೆ ಸಂಬಳದ ಹುಡುಗರನ್ನೇ ಇಟ್ಕೊಂಡ್ರೆ ಕನಿಷ್ಠವನ್ನೂ ಮುಟ್ಟೋದು ಕಷ್ಟ. ಹಾಗಾಗಿ ಜಾಸ್ತಿ ಕೊಡೋದು ತಪ್ಪಲ್ಲ, ಜಾಸ್ತಿ ವರ್ಷ ಕೊಡೋದು ತಪ್ಪು ಅಂತ ನಮ್ಮ ಅಭಿಪ್ರಾಯ.

2023ರ ಡ್ರಾಫ್ಟ್‌ನಲ್ಲಿ ಶಿಕಾಗೊ ಬ್ಲ್ಯಾಕ್‌ಹಾಕ್ಸ್ ಮೊದಲ ಆಯ್ಕೆಯಾಗಿ 17 ವರ್ಷದ ಕಾನರ್ ಬೆಡಾರ್ಡ್‌ನನ್ನು ತಗೊಂಡಿತು. ಜೊತೆಗಿರಲಿ ಅಂತ 35ರ ನಿಕ್ ಫೋಲಿನ್ಯೊ, 38ರ ಕೋರಿ ಪೆರ್ರಿ ಇಬ್ಬರಿಗೂ ತಲಾ 4 ಮಿಲಿಯನ್. ಆ ವಯಸ್ಸಿಗೆ ದುಬಾರಿನೇ, ಆದ್ರೆ ಒಂದೇ ವರ್ಷ. ಪೆರ್ರಿ ಒಪ್ಪಂದ ನವೆಂಬರ್‌ನಲ್ಲೇ ರದ್ದಾಯ್ತು. ಮುಂದಿನ ವರ್ಷದ ಲೆಕ್ಕಕ್ಕೆ ಅದರಿಂದ ಪೆಟ್ಟು ಬೀಳಲಿಲ್ಲ. ಫೋಲಿನ್ಯೊ ಮರುವರ್ಷ ಕ್ಯಾಪ್ಟನ್ ಆದರು.

ಬಫಲೋ ಸೇಬರ್ಸ್ 2016ರಲ್ಲಿ 28ರ ಕೈಲ್ ಒಕ್ಪೋಸೊಗೆ 7 ವರ್ಷಕ್ಕೆ 42 ಮಿಲಿಯನ್ ಕೊಟ್ಟಿತು. ಅವರೂ ಕ್ಯಾಪ್ಟನ್ ಆದರು, ಆದರೆ ಆ 7 ಸೀಸನ್‌ನಲ್ಲಿ ತಂಡ ಒಮ್ಮೆಯೂ ಪ್ಲೇಆಫ್‌ಗೆ ಹೋಗಲಿಲ್ಲ. ತಪ್ಪೆಲ್ಲ ಅವರದೇ ಅಂತ ನಾವು ಹೇಳ್ತಿಲ್ಲ. ಆದ್ರೆ 18ರ ಹುಡುಗನ ಮೊದಲ ಒಪ್ಪಂದ ಮೂರೇ ವರ್ಷದ್ದು. ಅವನು ದೊಡ್ಡ ಸಂಬಳ ಕೇಳೋ ಹೊತ್ತಿಗೂ ವರ್ಷಕ್ಕೆ 6 ಮಿಲಿಯನ್ ಇಲ್ಲೇ ಸಿಕ್ಕಾಕ್ಕೊಂಡಿರುತ್ತೆ.